ಮಂದ್ರ ಸ್ವರಕ್ಕೇಕೆ ಬ್ಯಾಟರಿಯ ಹಂಗು?

ಹಾಡು ರಂಗೇರಿದೆ. ಡ್ರಮ್ಸ್, ಕೀಬೋರ್ಡ್, ಗಿಟಾರ್ ಎಲ್ಲವೂ ಒಟ್ಟಾಗಿ ಮೊಳಗುತ್ತಿವೆ. ಇದ್ದಕ್ಕಿದ್ದಂತೆ ಹಾಡಿನ ಬುಡವೇ ಕುಸಿದಂತಾಗುತ್ತದೆ. ಏನಾಯಿತೆಂದು ಕೇಳುಗರಿಗೆ ಹೇಳಲು ಬಾರದು. ಏನೋ ಕಳೆದುಹೋಯಿತು ಎಂಬುದಷ್ಟೇ ಗೊತ್ತಾಗುತ್ತದೆ. ವೇದಿಕೆಯ ಮೂಲೆಯಲ್ಲಿ ನಿಂತ ಬೇಸ್ ಗಿಟಾರ್ ವಾದಕ ಮಾತ್ರ ಗಾಬರಿಯಿಂದ ತನ್ನ ವಾದ್ಯದ ಗುಂಡಿಗಳನ್ನು ತಿರುಗಿಸುತ್ತಿದ್ದಾನೆ. ತಂತಿ ಹರಿದಿಲ್ಲ, ಕೇಬಲ್ ಕಳಚಿಲ್ಲ, ಆಂಪ್ಲಿಫೈಯರಿನ ದೀಪ ಉರಿಯುತ್ತಲೇ ಇದೆ. ಸತ್ತಿರುವುದು ವಾದ್ಯದ ಬೆನ್ನಿನಲ್ಲಿ ಅಡಗಿರುವ ಒಂಬತ್ತು ವೋಲ್ಟಿನ ಒಂದು ಪುಟ್ಟ ಬ್ಯಾಟರಿ!

ಮರ ಮತ್ತು ತಂತಿಗಳಿಂದಾದ ವಾದ್ಯವೊಂದು ಬ್ಯಾಟರಿ ಮುಗಿಯಿತೆಂದು ಮೂಕವಾಗುವುದು ವಿಚಿತ್ರವೆನಿಸಬಹುದು. ಆದರೆ ‘ಆಕ್ಟಿವ್’ ಎಂದು ಕರೆಯಲಾಗುವ ಬೇಸ್ ಗಿಟಾರ್‌ಗಳ ಪಾಡು ಇದೇ. ಹೀಗಾಗಿಯೇ ಅನೇಕ ವಾದಕರು ತಮ್ಮ ಆಕ್ಟಿವ್ ವಾದ್ಯದ ಹೊಟ್ಟೆ ಬಿಚ್ಚಿ, ಒಳಗಿನ ತಂತಿಗಳನ್ನು ಬದಲಿಸಿ, ಬ್ಯಾಟರಿಯ ನೆರವಿಲ್ಲದೆಯೂ ನುಡಿಯುವ ‘ಪ್ಯಾಸಿವ್’ ವಾದ್ಯವನ್ನಾಗಿ ಮಾರ್ಪಡಿಸಿಕೊಳ್ಳುತ್ತಾರೆ. ಇದು ಬರೀ ಬೆಸುಗೆ ಕಡ್ಡಿಯ ಕೆಲಸವಲ್ಲ. ಇದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಒಂದು ಕಥೆ ಇದೆ. ಕುತೂಹಲದ ಸಂಗತಿಯೆಂದರೆ, ಆ ಕಥೆಯ ಮೂರು ಮುಖ್ಯ ತಿರುವುಗಳಲ್ಲೂ ಕಾಣಿಸಿಕೊಳ್ಳುವವನು ಒಬ್ಬನೇ ವ್ಯಕ್ತಿ. ಅವನು ಸಂಗೀತಗಾರನಲ್ಲ, ರೇಡಿಯೋ ರಿಪೇರಿಯವನು.

ರೇಡಿಯೋ ಅಂಗಡಿಯಿಂದ ವೇದಿಕೆಗೆ

ಆತನ ಹೆಸರು ಲಿಯೋ ಫೆಂಡರ್ (1909–1991). ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವನು. ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರ ತೊಂದರೆಗಳನ್ನು ಕಿವಿಗೊಟ್ಟು ಕೇಳುವ ಗುಣ ಅವನಲ್ಲಿತ್ತು.

ಅಂದಿನ ವಾದ್ಯವೃಂದಗಳಲ್ಲಿ ಮಂದ್ರ ಸ್ವರಗಳನ್ನು ನುಡಿಸುತ್ತಿದ್ದುದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವುದು ಪ್ರಯಾಸದ ಕೆಲಸ. ಅಷ್ಟು ಕಷ್ಟಪಟ್ಟು ತಂದರೂ ಡ್ರಮ್ಸ್ ಮತ್ತು ವಿದ್ಯುತ್ ಗಿಟಾರ್‌ಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಫೆಂಡರ್ 1951ರಲ್ಲಿ ಹೆಗಲಿಗೆ ತೂಗುಹಾಕಿಕೊಂಡು ನುಡಿಸಬಹುದಾದ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ವೀಣೆಗಿರುವಂತೆ ಇದಕ್ಕೂ ಮೆಟ್ಟಿಲುಗಳಿದ್ದವು. ಹಾಗಾಗಿ ಸ್ವರಸ್ಥಾನ ತಪ್ಪುವ ಭಯವಿರಲಿಲ್ಲ. ‘ಪ್ರಿಸಿಶನ್ ಬೇಸ್’, ಅಂದರೆ ನಿಖರತೆಯ ಬೇಸ್, ಎಂಬ ಹೆಸರು ಬಂದದ್ದು ಇದರಿಂದಲೇ. 1960ರಲ್ಲಿ ‘ಜಾಝ್ ಬೇಸ್’ ಎಂಬ ಇನ್ನೊಂದು ಮಾದರಿ ಬಂತು. ಇಂದಿಗೂ ಜಗತ್ತಿನಲ್ಲಿ ತಯಾರಾಗುವ ಬೇಸ್ ಗಿಟಾರ್‌ಗಳಲ್ಲಿ ಬಹುಪಾಲು ಈ ಎರಡರ ವಂಶಸ್ಥರೇ.

ಈ ಎರಡರಲ್ಲೂ ಬ್ಯಾಟರಿ ಇರಲಿಲ್ಲ. ಇವು ಕೆಲಸ ಮಾಡುವ ಬಗೆ ಸರಳ. ತಂತಿಗಳ ಕೆಳಗೆ ‘ಪಿಕಪ್’ ಎಂಬ ಸಾಧನವಿರುತ್ತದೆ. ಅಯಸ್ಕಾಂತಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಬಾರಿ ಸುತ್ತಿದ ಸುರುಳಿ ಅದು. ಉಕ್ಕಿನ ತಂತಿ ಅಯಸ್ಕಾಂತದ ಎದುರು ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಬೈಸಿಕಲ್ಲಿನ ಡೈನಮೋದಲ್ಲಿ ದೀಪ ಉರಿಯುವುದೂ ಇದೇ ತತ್ವದಿಂದ. ಅಂದರೆ ವಾದಕನ ಬೆರಳೇ ಇಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಬೇರೆ ಯಾರ ಹಂಗೂ ಇಲ್ಲ.

ಈ ಸರಳ ವಾದ್ಯ ಎಂಥ ಸಂಗೀತವನ್ನು ಕೊಡಬಲ್ಲದು ಎಂಬುದಕ್ಕೆ ಜೇಮ್ಸ್ ಜೇಮರ್ಸನ್ ಸಾಕ್ಷಿ. 1960ರ ದಶಕದಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಅಸಂಖ್ಯ ಜನಪ್ರಿಯ ಹಾಡುಗಳಿಗೆ ಮಂದ್ರದ ಆಸರೆ ಕೊಟ್ಟವನು ಆತ. ಬಲಗೈಯ ಒಂದೇ ಬೆರಳಿನಿಂದ, 1962ರ ಒಂದು ಪ್ರಿಸಿಶನ್ ಬೇಸ್ ಮೇಲೆ ಆತ ನುಡಿಸಿದ ಸಾಲುಗಳನ್ನು ಬೇಸ್ ವಾದಕರು ಇಂದಿಗೂ ಪಾಠದಂತೆ ಕಲಿಯುತ್ತಾರೆ. ಅವುಗಳ ಹಿಂದೆ ಯಾವ ಬ್ಯಾಟರಿಯೂ ಇರಲಿಲ್ಲ.

ಬ್ಯಾಟರಿ ಬಂದದ್ದೇಕೆ?

ಹಾಗಿದ್ದರೆ ಬ್ಯಾಟರಿ ಯಾಕೆ ಬೇಕಾಯಿತು? ಪಿಕಪ್‌ನಲ್ಲಿ ಹುಟ್ಟುವ ವಿದ್ಯುತ್ತು ಕಲ್ಲಿನ ಸಂದಿಯಿಂದ ಜಿನುಗುವ ಒರತೆಯಂತೆ. ನೀರೇನೋ ಶುದ್ಧ, ಆದರೆ ಹರಿವಿಗೆ ಬಲವಿಲ್ಲ. ಅದನ್ನು ಉದ್ದವಾದ, ಸೋರುವ ಕಾಲುವೆಯಲ್ಲಿ ಹರಿಸಿದರೆ ತುದಿಗೆ ತಲುಪುವುದು ಕಡಿಮೆ. ವಾದ್ಯದಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲೇ ಇಲ್ಲಿ ಆ ಕಾಲುವೆ. ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟನ್ಸ್, ಅಂದರೆ ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುವ ಗುಣ, ಹೆಚ್ಚುತ್ತದೆ. ಇದರಿಂದ ಮೊದಲು ಪೆಟ್ಟು ಬೀಳುವುದು ತೀಕ್ಷ್ಣ ಧ್ವನಿಗೆ, ಅಂದರೆ ಟ್ರೆಬಲ್‌ಗೆ. ಬೆರಳು ತಂತಿಯನ್ನು ಮುಟ್ಟಿದ ಕ್ಷಣದ ಆ ‘ಟಣ್’ ಎಂಬ ಮೊನಚು ಕೇಬಲ್ಲಿನಲ್ಲೇ ಕರಗಿಹೋಗುತ್ತದೆ.

ಇನ್ನೊಂದು ಮಿತಿಯೂ ಇದೆ. ಪ್ಯಾಸಿವ್ ವಾದ್ಯದ ಟೋನ್ ಗುಂಡಿ ಇರುವ ಧ್ವನಿಯಲ್ಲಿ ಒಂದಷ್ಟನ್ನು ಕಳೆಯಬಲ್ಲದೇ ಹೊರತು, ಹೊಸದಾಗಿ ಏನನ್ನೂ ಕೂಡಿಸಲಾರದು. ಮಂದ್ರವನ್ನು ಉಬ್ಬಿಸಬೇಕು, ತಾರವನ್ನು ಮೊನಚುಗೊಳಿಸಬೇಕು ಎಂದರೆ ಆಂಪ್ಲಿಫೈಯರಿನ ಬಳಿಗೇ ಹೋಗಬೇಕು.

1960ರ ದಶಕದ ಕೊನೆಗೆ ಸಂಗೀತ ಕಛೇರಿಗಳು ಸಣ್ಣ ಸಭಾಂಗಣಗಳಿಂದ ಬಯಲಿಗೆ ಬಂದವು. ವೇದಿಕೆಗಳು ಹಿಗ್ಗಿದವು, ಕೇಬಲ್ಲುಗಳು ಉದ್ದವಾದವು. ‘ಗ್ರೇಟ್‌ಫುಲ್ ಡೆಡ್’ ಎಂಬ ಪ್ರಸಿದ್ಧ ತಂಡದ ಒಡನಾಟದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಹುಟ್ಟಿದ ಅಲೆಂಬಿಕ್ ಸಂಸ್ಥೆಯ ತಂತ್ರಜ್ಞರು ಇದಕ್ಕೊಂದು ಉಪಾಯ ಹುಡುಕಿದರು. ಆಂಪ್ಲಿಫೈಯರಿನ ಒಂದು ಪುಟ್ಟ ಮರಿಯನ್ನು, ಅಂದರೆ ಪ್ರೀ-ಆಂಪ್ಲಿಫೈಯರನ್ನು, ವಾದ್ಯದ ಒಳಗೇ ಕೂರಿಸಿದರು. ಒರತೆಯ ಬಾಯಲ್ಲೇ ಪಂಪು ಇಟ್ಟ ಹಾಗೆ! ಟ್ರಾನ್ಸಿಸ್ಟರುಗಳಿಗೆ ಕೆಲವೇ ವೋಲ್ಟಿನ ವಿದ್ಯುತ್ತು ಸಾಕಾಗುವುದರಿಂದ ಇದು ಸಾಧ್ಯವಾಯಿತು. ಆದರೆ ಅಲೆಂಬಿಕ್ ವಾದ್ಯಗಳು ಕೈಯಿಂದ ಮಾಡಿದಂಥವು, ಬಲು ದುಬಾರಿ.

ಈ ತಂತ್ರವನ್ನು ಕಾರ್ಖಾನೆಗೆ ತಂದು ಸಾಮಾನ್ಯ ವಾದಕರಿಗೂ ತಲುಪಿಸಿದವನು ಮತ್ತದೇ ಲಿಯೋ ಫೆಂಡರ್. 1965ರಲ್ಲಿ ಆತ ತನ್ನ ಕಂಪೆನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ್ದ. ಹತ್ತು ವರ್ಷ ಪೈಪೋಟಿ ನಡೆಸಬಾರದೆಂಬ ಕರಾರು ಮುಗಿದ ಮೇಲೆ ‘ಮ್ಯೂಸಿಕ್ ಮ್ಯಾನ್’ ಎಂಬ ಹೊಸ ಕಂಪೆನಿಯ ಅಧ್ಯಕ್ಷನಾದ. 1976ರಲ್ಲಿ ಆ ಕಂಪೆನಿ ‘ಸ್ಟಿಂಗ್‌ರೇ’ ಎಂಬ ಬೇಸ್ ಗಿಟಾರನ್ನು ಹೊರತಂದಿತು. ಅದರ ಹೊಟ್ಟೆಯಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿಯೂ ಪ್ರೀ-ಆಂಪ್ಲಿಫೈಯರೂ ಇದ್ದವು. ‘ಶಿಕ್’ ತಂಡದ ಬರ್ನಾರ್ಡ್ ಎಡ್ವರ್ಡ್ಸ್, ‘ಬ್ರದರ್ಸ್ ಜಾನ್ಸನ್’ ತಂಡದ ಲೂಯಿಸ್ ಜಾನ್ಸನ್ ಅವರಂಥ ವಾದಕರ ಕೈಯಲ್ಲಿ ಈ ವಾದ್ಯದ ಗಡುಸಾದ, ಮೊನಚಾದ ಧ್ವನಿ ಡಿಸ್ಕೋ ಮತ್ತು ಫಂಕ್ ಸಂಗೀತದ ಗುರುತೇ ಆಯಿತು.

ಪ್ಯಾಸಿವ್ ವಾದ್ಯ ಹೊಂದಿದ್ದವರೂ ಸುಮ್ಮನೆ ಕೂರಲಿಲ್ಲ. ಮಾರ್ಕಸ್ ಮಿಲ್ಲರ್ ತನ್ನ 1977ರ ಜಾಝ್ ಬೇಸ್ ವಾದ್ಯಕ್ಕೆ ನ್ಯೂಯಾರ್ಕಿನ ಕುಶಲಕರ್ಮಿ ರೋಜರ್ ಸಡೋಸ್ಕಿಯಿಂದ ಪ್ರೀ-ಆಂಪ್ಲಿಫೈಯರ್ ಹಾಕಿಸಿಕೊಂಡ. ಆ ವಾದ್ಯದ ದನಿ ಎಷ್ಟು ಪ್ರಸಿದ್ಧವಾಯಿತೆಂದರೆ, ಹಳೆಯ ಬೇಸ್‌ಗಳಿಗೆ ಬ್ಯಾಟರಿ ತುಂಬಿಸಿಕೊಳ್ಳುವುದು ಒಂದು ರೂಢಿಯೇ ಆಗಿಬಿಟ್ಟಿತು.

ಹಂಗಿನ ಬೆಲೆ

ಆದರೆ ಪಂಪು ಇಟ್ಟ ಮೇಲೆ ಪಂಪಿನ ಹಂಗೂ ಬಂದಂತೆಯೇ. ಒಂಬತ್ತು ವೋಲ್ಟಿನ ಒಂದು ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್-ಗಂಟೆ. ಪ್ರೀ-ಆಂಪ್ಲಿಫೈಯರ್ 1 ಮಿಲಿಆಂಪಿಯರ್ ಹೀರುತ್ತದೆ ಎಂದಿಟ್ಟುಕೊಂಡರೆ ಬ್ಯಾಟರಿ 500 ಗಂಟೆ ಬಾಳುತ್ತದೆ. ದಿನಕ್ಕೆರಡು ಗಂಟೆ ನುಡಿಸುವವನಿಗೆ ಎಂಟು ತಿಂಗಳಿಗೂ ಹೆಚ್ಚು ಕಾಲ ಸಾಕು. ಅಪಾಯವಿರುವುದೇ ಇಲ್ಲಿ. ಎಂಟು ತಿಂಗಳ ಹಿಂದೆ ಹಾಕಿದ ಬ್ಯಾಟರಿಯ ನೆನಪು ಯಾರಿಗಿರುತ್ತದೆ?

ಇನ್ನೊಂದು ಸೂಕ್ಷ್ಮವಿದೆ. ಬಹುತೇಕ ಆಕ್ಟಿವ್ ವಾದ್ಯಗಳಲ್ಲಿ ಬೇರೆ ಆನ್-ಆಫ್ ಸ್ವಿಚ್ ಇರುವುದಿಲ್ಲ. ಕೇಬಲ್ ಚುಚ್ಚುವ ತೂತೇ ಸ್ವಿಚ್ಚಿನ ಕೆಲಸ ಮಾಡುತ್ತದೆ. ಅಲ್ಲಿ ಸ್ಟೀರಿಯೋ ಜಾಕ್ ಬಳಸಿರುತ್ತಾರೆ. ಕೇಬಲ್ ಒಳಗೆ ಹೋದಾಗ ಅದರ ಲೋಹದ ಮೈ ಜಾಕಿನ ಎರಡು ಸಂಪರ್ಕಗಳನ್ನು ಜೋಡಿಸಿ ಬ್ಯಾಟರಿಯನ್ನು ಚಾಲೂ ಮಾಡುತ್ತದೆ. ತಾಲೀಮು ಮುಗಿಸಿ ಕೇಬಲ್ ಕೀಳುವುದನ್ನು ಮರೆತರೆ, ಮೂಲೆಯಲ್ಲಿ ಮೌನವಾಗಿ ನಿಂತ ವಾದ್ಯವೂ ಬ್ಯಾಟರಿ ಹೀರುತ್ತಲೇ ಇರುತ್ತದೆ. ಆಗ ಆ 500 ಗಂಟೆ ಎಂದರೆ ಕೇವಲ 21 ದಿನ.

ಬ್ಯಾಟರಿಯ ಸಾವು ಕೆಲವೊಮ್ಮೆ ಹಠಾತ್ತನೆ ಬರುವುದಿಲ್ಲ. ಮೊದಲು ಜೋರಾದ ಸ್ವರಗಳು ಒಡೆದಂತೆ ಕೇಳಿಸುತ್ತವೆ, ಆಮೇಲೆ ದನಿ ಕುಗ್ಗುತ್ತದೆ, ಕೊನೆಗೆ ಪೂರ್ತಿ ನಿಲ್ಲುತ್ತದೆ. ಇದಲ್ಲದೆ ರುಚಿಯ ಪ್ರಶ್ನೆಯೂ ಇದೆ. ಕೇಬಲ್ಲಿನಲ್ಲಿ ಕರಗಿಹೋಗುವ ಆ ಮೊನಚನ್ನು ಒಂದು ಕಾಲಕ್ಕೆ ದೋಷವೆಂದು ಬಗೆಯಲಾಗಿತ್ತು. ಈಗ ಅನೇಕರ ಕಿವಿಗೆ ಅದೇ ಹಳೆಯ ಧ್ವನಿಮುದ್ರಿಕೆಗಳ ದುಂಡನೆಯ, ಬೆಚ್ಚನೆಯ ಗುಣವಾಗಿ ಕೇಳಿಸುತ್ತಿದೆ.

ಮಾರ್ಪಾಡು ಹೇಗೆ?

ಆಕ್ಟಿವ್ ಬೇಸನ್ನು ಪ್ಯಾಸಿವ್ ಮಾಡುವುದೆಂದರೆ ಬ್ಯಾಟರಿ ಕಿತ್ತು ಎಸೆಯುವುದಲ್ಲ. ಹಾಗೆ ಮಾಡಿದರೆ ಪ್ರೀ-ಆಂಪ್ಲಿಫೈಯರ್ ಮುಚ್ಚಿದ ಬಾಗಿಲಿನಂತೆ ಅಡ್ಡ ನಿಲ್ಲುತ್ತದೆ. ಆ ಬಾಗಿಲನ್ನು ಬಳಸಿಕೊಂಡು ಹೋಗುವ ಒಂದು ಓಣಿಯನ್ನು ಪಿಕಪ್‌ನಿಂದ ಜಾಕಿನವರೆಗೆ ಮಾಡಿಕೊಡಬೇಕು.

ಮೊದಲು ನೋಡಬೇಕಾದದ್ದು ಪಿಕಪ್ಪಿನ ಜಾತಿ. ಕೆಲವು ವಾದ್ಯಗಳಲ್ಲಿ ಪಿಕಪ್ ಪ್ಯಾಸಿವ್ ಆಗಿದ್ದು, ಪ್ರೀ-ಆಂಪ್ಲಿಫೈಯರ್ ಮಾತ್ರ ಬೇರೆಯಾಗಿರುತ್ತದೆ. ಇವುಗಳಲ್ಲಿ ಮಾರ್ಪಾಡು ಸಾಧ್ಯ. ಇನ್ನು ಕೆಲವುಗಳಲ್ಲಿ ಪಿಕಪ್ಪಿನ ಡಬ್ಬಿಯೊಳಗೇ ಆಂಪ್ಲಿಫೈಯರ್ ಅಡಗಿರುತ್ತದೆ. ಇಎಂಜಿ ಸಂಸ್ಥೆಯ ಆಕ್ಟಿವ್ ಪಿಕಪ್‌ಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಬ್ಯಾಟರಿಯಿಲ್ಲದೆ ಅವು ನುಡಿಯುವುದೇ ಇಲ್ಲ. ಅಂಥ ವಾದ್ಯವನ್ನು ಪ್ಯಾಸಿವ್ ಮಾಡಬೇಕೆಂದರೆ ಪಿಕಪ್‌ಗಳನ್ನೇ ಬದಲಿಸದೆ ಗತ್ಯಂತರವಿಲ್ಲ.

ಎರಡನೆಯದಾಗಿ, ವಾಲ್ಯೂಮ್ ಗುಂಡಿಯ ಪೊಟೆನ್ಷಿಯೋಮೀಟರ್. ಪ್ಯಾಸಿವ್ ಬೇಸ್‌ಗಳಲ್ಲಿ ಇದರ ಪ್ರತಿರೋಧ ಸಾಮಾನ್ಯವಾಗಿ 2,50,000 ಓಮ್. ಪ್ರೀ-ಆಂಪ್ಲಿಫೈಯರಿನ ನಂತರ ವಾಲ್ಯೂಮ್ ಇರುವ ಅನೇಕ ಆಕ್ಟಿವ್ ಬೇಸ್‌ಗಳಲ್ಲಿ ಅದು 25,000 ಓಮ್ ಮಾತ್ರ. ಅಂದರೆ ಹತ್ತನೇ ಒಂದು ಪಾಲು. ಪಂಪಿನಿಂದ ಬರುವ ಹರಿವಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಒರತೆಯ ಹರಿವನ್ನು ನೇರವಾಗಿ ಇದಕ್ಕೆ ಜೋಡಿಸಿದರೆ ತೂತು ಬಿದ್ದ ಮಡಕೆಗೆ ನೀರು ತುಂಬಿದಂತೆ! ದನಿ ಕುಗ್ಗಿ, ಟ್ರೆಬಲ್ ಮಾಯವಾಗಿ, ವಾದ್ಯ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಮಾರ್ಪಾಡು ಮಾಡಿ ನಿರಾಶರಾದವರಲ್ಲಿ ಅನೇಕರು ಎಡವುವುದು ಇಲ್ಲೇ. ಆದ್ದರಿಂದ 2,50,000 ಓಮ್‌ನ ಗುಂಡಿಯನ್ನು ಪ್ರೀ-ಆಂಪ್ಲಿಫೈಯರಿನ ಮುಂಚೆಯೇ ಬರುವಂತೆ ಜೋಡಿಸಿಕೊಳ್ಳಬೇಕು. ಆಗ ಅದೇ ಗುಂಡಿ ಎರಡೂ ಬಗೆಗೆ ಒದಗುತ್ತದೆ.

ಮೂರನೆಯದು ಸ್ವಿಚ್. ಇದಕ್ಕೆ ಬಳಸುವುದು ಆರು ಕಾಲುಗಳ, ಒಟ್ಟಿಗೆ ಹೊರಳುವ ಎರಡು ಕವಲುಗಳ ಸ್ವಿಚ್. ಒಂದು ಕವಲು ಪಿಕಪ್ಪಿನಿಂದ ಬಂದ ಸಂಕೇತವನ್ನು ಪ್ರೀ-ಆಂಪ್ಲಿಫೈಯರಿನ ಕಡೆಗೋ ಓಣಿಯ ಕಡೆಗೋ ತಿರುಗಿಸುತ್ತದೆ. ಇನ್ನೊಂದು ಕವಲು ಜಾಕಿನ ಬಳಿ ನಿಂತು, ಬರುವ ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಒಳಗೆ ಬಿಡುತ್ತದೆ. ಎರಡೂ ತುದಿಗಳಲ್ಲಿ ಪ್ರೀ-ಆಂಪ್ಲಿಫೈಯರನ್ನು ಬಿಡಿಸಿದರೆ ಮಾತ್ರ ಅದು ಪೂರ್ಣ ಪ್ಯಾಸಿವ್. ಒಂದು ತುದಿಯನ್ನು ಹಾಗೆಯೇ ಬಿಟ್ಟರೆ ಸತ್ತ ಸರ್ಕಿಟ್ಟು ಸಂಕೇತಕ್ಕೆ ಹೊರೆಯಾಗಿ ಅಂಟಿಕೊಂಡೇ ಇರುತ್ತದೆ. ಮೇಲಕ್ಕೆಳೆದರೆ ಸ್ವಿಚ್ಚಿನಂತೆ ಕೆಲಸ ಮಾಡುವ ವಾಲ್ಯೂಮ್ ಗುಂಡಿಗಳೂ ಸಿಗುವುದರಿಂದ ಮರಕ್ಕೆ ಹೊಸ ತೂತು ಕೊರೆಯುವ ಅಗತ್ಯವಿಲ್ಲ.

ಪ್ಯಾಸಿವ್ ಸ್ಥಿತಿಯಲ್ಲಿ ಬೇಸ್, ಟ್ರೆಬಲ್ ಎಂಬ ಆಕ್ಟಿವ್ ಗುಂಡಿಗಳು ನಿಷ್ಪ್ರಯೋಜಕ. ಅದಕ್ಕಾಗಿ 2,50,000 ಓಮ್‌ನ ಇನ್ನೊಂದು ಪೊಟೆನ್ಷಿಯೋಮೀಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಹಳೆಯ ಫೆಂಡರ್ ಮಾದರಿಯ ಟೋನ್ ಗುಂಡಿ ಮಾಡಿಕೊಳ್ಳಬಹುದು. ಎರಡು ಸ್ಥಿತಿಗಳ ನಡುವೆ ದನಿಯ ಮಟ್ಟ ಒಂದೇ ಇರದು. ಪ್ಯಾಸಿವ್‌ಗೆ ಬಂದಾಗ ಕುಗ್ಗುವುದೇ ಹೆಚ್ಚು. ಪ್ರೀ-ಆಂಪ್ಲಿಫೈಯರಿನಲ್ಲಿ ಮಟ್ಟ ಹೊಂದಿಸುವ ತಿರುಪಿದ್ದರೆ ಈ ಅಂತರವನ್ನು ತಗ್ಗಿಸಬಹುದು. ಪ್ಯಾಸಿವ್ ಆಗಿ ನುಡಿಸುವಾಗಲೂ ಕೇಬಲ್ ಚುಚ್ಚಿದ್ದರೆ ಬ್ಯಾಟರಿ ಸವೆಯುತ್ತಲೇ ಇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಕೊನೆಯದಾಗಿ ಗುಂಯ್‌ಗುಡುವಿಕೆ. ವಾದ್ಯದಿಂದ ಹೊರಟ ದುರ್ಬಲ ಸಂಕೇತಕ್ಕೆ ಮನೆಯ ವಿದ್ಯುತ್ ಮಾರ್ಗದ ಸದ್ದು ಸುಲಭವಾಗಿ ಅಂಟಿಕೊಳ್ಳುತ್ತದೆ. ಇದು ಭಾರತದ ಬೇಸ್ ವಾದಕರಿಗೆ ಕೊಂಚ ಹೆಚ್ಚೇ ತಲೆನೋವು. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 60, ನಮ್ಮಲ್ಲಿ 50. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂರನೇ ಮೆಟ್ಟಿಲಿನ ಸ್ವರದ ಆವರ್ತನ 49. ಅಂದರೆ ನಮ್ಮ ಗೋಡೆಯ ಪ್ಲಗ್ಗು ಆ ಸ್ವರದ ಪಕ್ಕದಲ್ಲೇ ಕುಳಿತು ಸದಾ ಅಪಶ್ರುತಿಯಲ್ಲಿ ಗುನುಗುತ್ತಿರುತ್ತದೆ! ವಾದ್ಯದ ಒಳಗಿನ ಗೂಡಿಗೆ ತಾಮ್ರದ ತೆಳು ಹಾಳೆ ಅಂಟಿಸಿ ಅದನ್ನು ಗ್ರೌಂಡ್‌ಗೆ ಜೋಡಿಸುವುದು ಇದಕ್ಕೆ ತಕ್ಕಮಟ್ಟಿನ ಮದ್ದು.

ಮರಳಿ ಬರುವ ದಾರಿ ಇರಲಿ

ಇಷ್ಟೆಲ್ಲ ಮಾಡುವ ಮುನ್ನ ಅನುಭವಿಗಳು ಒಂದು ಎಚ್ಚರಿಕೆ ಹೇಳುತ್ತಾರೆ: ತಂತಿ ಕತ್ತರಿಸುವ ಮೊದಲು ಒಳಗಿನ ಜೋಡಣೆಯ ಚಿತ್ರ ಬರೆದಿಟ್ಟುಕೊಳ್ಳಿ, ತೆಗೆದ ಭಾಗಗಳನ್ನು ಎಸೆಯಬೇಡಿ. ಇದರಲ್ಲಿ ಇತಿಹಾಸದ ಪಾಠವಿದೆ. 1970ರ ದಶಕದಲ್ಲಿ ಹೊಸ ಧ್ವನಿಯ ಹುಮ್ಮಸ್ಸಿನಲ್ಲಿ ಹಳೆಯ ಫೆಂಡರ್ ಬೇಸ್‌ಗಳನ್ನು ಕೊರೆದು, ಕೆತ್ತಿ, ಬ್ಯಾಟರಿಗೆ ಗೂಡು ಮಾಡಿದವರಿದ್ದರು. ಅಂದು ಅವು ಬರೀ ಹಳೆಯ ವಾದ್ಯಗಳು. ಇಂದು ಅದೇ ಕಾಲದ, ಯಾರೂ ಕೈಯಾಡಿಸದ ವಾದ್ಯಗಳಿಗೆ ಸಂಗ್ರಾಹಕರು ಭಾರಿ ಬೆಲೆ ಕೊಡುತ್ತಾರೆ. ಕೊರೆದ ಮರವನ್ನು ಮತ್ತೆ ತುಂಬಲಾಗದು. 1970ರ ದಶಕದ ಸ್ಟಿಂಗ್‌ರೇಗಳೂ ಈಗ ಆ ಸಾಲಿಗೆ ಸೇರಿವೆ. ಒಂದು ಕಾಲದ ದೋಷ ಇನ್ನೊಂದು ಕಾಲದ ಗುಣವಾಗುತ್ತದೆ ಎಂದ ಮೇಲೆ, ಹಿಂದಿರುಗಲಾಗದ ಮಾರ್ಪಾಡು ಮುಂದಿನವರ ಆಯ್ಕೆಯನ್ನು ಕಿತ್ತುಕೊಂಡಂತೆಯೇ ಸರಿ.

ಈ ಮಾತು ಲಿಯೋ ಫೆಂಡರ್‌ಗೆ ಹೊಳೆದಿತ್ತೋ ಏನೋ. ಮ್ಯೂಸಿಕ್ ಮ್ಯಾನ್ ಬಿಟ್ಟ ಮೇಲೆ ಆತ ತನ್ನ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಜತೆಗೂಡಿ ‘ಜಿ ಅಂಡ್ ಎಲ್’ ಎಂಬ ಕಂಪೆನಿ ಕಟ್ಟಿದ. 1980ರ ಸುಮಾರಿಗೆ ಅಲ್ಲಿಂದ ಬಂದ ‘ಎಲ್-2000’ ಎಂಬ ಬೇಸ್ ಮಾದರಿ ಅದರ ಪುಟ್ಟ ಸ್ವಿಚ್ಚುಗಳಿಂದ ಹೆಸರಾಯಿತು. ಅವುಗಳಲ್ಲಿ ಒಂದರ ಕೆಲಸ ಇಷ್ಟೇ: ಬೇಕೆಂದಾಗ ಪ್ರೀ-ಆಂಪ್ಲಿಫೈಯರನ್ನು ಸೇರಿಸುವುದು, ಬೇಡವೆಂದಾಗ ಬದಿಗೆ ಸರಿಸುವುದು. ಸಾಲದೆಂಬಂತೆ ಅದರ ಬೇಸ್, ಟ್ರೆಬಲ್ ಗುಂಡಿಗಳು ಪ್ಯಾಸಿವ್ ಬಗೆಯವು. ಬ್ಯಾಟರಿ ಇದ್ದರೂ ಇಲ್ಲದಿದ್ದರೂ ಅವು ಕೆಲಸ ಮಾಡುತ್ತವೆ.

1951ರಲ್ಲಿ ಬ್ಯಾಟರಿಯಿಲ್ಲದ ಬೇಸ್ ಕೊಟ್ಟವನು, 1976ರಲ್ಲಿ ಬ್ಯಾಟರಿಯಿಲ್ಲದೆ ನುಡಿಯದ ಬೇಸ್ ತಂದವನು, ಕೊನೆಗೆ ಬಂದು ನಿಂತದ್ದು ಒಂದು ಸ್ವಿಚ್ಚಿನ ಬಳಿ. ಇಂದು ತಮ್ಮ ವಾದ್ಯದ ಹಿಂಬದಿಯ ಮುಚ್ಚಳ ತೆಗೆದು ಬೆಸುಗೆ ಹಾಕುತ್ತ ಕುಳಿತ ವಾದಕರು ಮಾಡುತ್ತಿರುವುದೂ ಅದನ್ನೇ. ಅವರಿಗೆ ಬ್ಯಾಟರಿಯ ಮೇಲೆ ದ್ವೇಷವಿಲ್ಲ. ಅದು ಕೈಕೊಟ್ಟ ದಿನವೂ ಹಾಡು ನಿಲ್ಲಬಾರದು ಎಂಬುದಷ್ಟೇ ಅವರ ಆಸೆ. ಓಣಿಯೊಂದು ತೆರೆದಿದ್ದರೆ, ವೇದಿಕೆಯ ಮೂಲೆಯ ಆ ವಾದಕ ಗುಂಡಿಯನ್ನೊಮ್ಮೆ ಮೇಲಕ್ಕೆಳೆದರೆ ಸಾಕು. ದನಿ ಸ್ವಲ್ಪ ತಗ್ಗೀತು, ಮೊನಚು ಕೊಂಚ ಕಡಿಮೆಯಾದೀತು. ಆದರೆ ಹಾಡಿನ ಬುಡ ಕುಸಿಯುವುದಿಲ್ಲ.